ತಾರಸಿಯ ಲೆಟ್ಯೂಸ್, ಮಠದ ಮೀಸಲು

ನಮ್ಮ ಯಜಮಾನರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಓಡಾಡಿದವಳು ನಾನು. ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕಡೂರಿನ ನಮ್ಮ ಮನೆಯಲ್ಲಿ ಅಡುಗೆಮನೆ ಅತ್ತೆಯದು, ಹಿತ್ತಲು ಮಾವನ ಎಮ್ಮೆಗಳದ್ದು. ನನ್ನದು ಅಂತ ಒಂದು ಮೂಲೆ ಬೇಕು ಎಂದು ವರ್ಷಗಟ್ಟಲೆ ಗೋಗರೆದ ಮೇಲೆ, ದೀಪಾವಳಿ ಮುಗಿದ ವಾರ ಯಜಮಾನರು ಹೇಳಿದರು: "ತಾರಸಿ ನಿಂದೇ ಕಣೇ. ಏನ್ ಬೇಕೋ ಬೆಳ್ಕೋ." ಫೋನಿನಲ್ಲಿ ನೋಡಿ ನೋಡಿ ನನಗೆ ಮಣ್ಣಿಲ್ಲದೆ ಲೆಟ್ಯೂಸ್ ಸೊಪ್ಪು ಬೆಳೆಯುವ ಹುಚ್ಚು ಹತ್ತಿತ್ತು.

ದುಡ್ಡು ಸುರಿಯುವ ಹಾಗಿರಲಿಲ್ಲ. ತರೀಕೆರೆಯಲ್ಲಿ ಪ್ಲಂಬಿಂಗ್ ಕೆಲಸ ಮಾಡುವ ತಮ್ಮ, ಉಳಿದ ಪೈಪುಗಳನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದ. ಹಳೇ ಪೇಂಟ್ ಬಕೆಟ್ಟೇ ತೊಟ್ಟಿಯಾಯಿತು. ಮೀನು ಸಾಕುವ ಗಾಜಿನ ತೊಟ್ಟಿಗೆ ಹಾಕುತ್ತಾರಲ್ಲ, ಆ ಪುಟ್ಟ ಪಂಪು ಗೊಬ್ಬರ ಕರಗಿಸಿದ ನೀರನ್ನು ಪೈಪಿಗೆ ಎತ್ತಿತು. ಪ್ಲಾಸ್ಟಿಕ್ ಟೀ ಲೋಟಗಳ ತಳಕ್ಕೆ ತೂತು ಮಾಡಿ, ತೆಂಗಿನ ನಾರಿನ ಪುಡಿ ತುಂಬಿ ಸಸಿ ಕೂರಿಸಿದೆ. ಆ ಲೋಟಗಳು ಕೂರುವ ಹಾಗೆ ಪೈಪಿಗೆ ಸಾಲಾಗಿ ತೂತು ಕೊರೆದವರು ಯಜಮಾನರೇ. ಭಾನುವಾರವಿಡೀ ಬಿಸಿಲಲ್ಲಿ ಡ್ರಿಲ್ ಹಿಡಿದು ಕೂತಿದ್ದರು. ಪೈಪು ಒಂಚೂರು ಇಳಿಜಾರಾಗಿರಬೇಕು ಅಂದಾಗ ಇಟ್ಟಿಗೆ ಚೂರು ಹುಡುಕಿ ತಂದು ಕೊಟ್ಟರು. ಇಂಥ ಗಂಡ ಯಾರಿಗುಂಟು ಯಾರಿಗಿಲ್ಲ ಎಂದು ಬೀಗಿದೆ.

ಮೊದಲ ಸಸಿಗಳು ಕೊಳೆತವು. ಬಕೆಟ್ಟಿನ ನೀರಿಗೆ ಬಿಸಿಲು ಬಿದ್ದು ಪಾಚಿ ಕಟ್ಟಿತ್ತು. ಅತ್ತೆ ಮುಸಿಮುಸಿ ನಕ್ಕರು. ನಾನು ಬಿಡುವವಳೇ? ಬಕೆಟ್ಟಿಗೆ ಗೋಣಿಚೀಲ ಸುತ್ತಿ ಮತ್ತೆ ಬಿತ್ತಿದೆ. ಈ ಸಲ ಬಂತು ನೋಡಿ ಎಲೆ, ತಿಳಿ ಹಸಿರು, ಅಂಚೆಲ್ಲ ನಿರಿಗೆ ನಿರಿಗೆ.

ನಮ್ಮಲ್ಲಿ ಮೊದಲ ಫಸಲು ಮನೆಯವರ ಬಾಯಿಗೆ ಹೋಗುವಂತಿಲ್ಲ. ರಾಗಿಯಾಗಲಿ ಅವರೆಯಾಗಲಿ, ಮಠಕ್ಕೆ ಮೀಸಲು ಕೊಟ್ಟೇ ತಿನ್ನಬೇಕು. ಲೆಟ್ಯೂಸಿಗೂ ಅದೇ ನ್ಯಾಯ ಅಂತ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅಜ್ಜಂಪುರದ ಬಸ್ಸು ಹತ್ತಿದೆ. ಮಠದ ಅಯ್ನೋರು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಪಲ್ಯ ಮಾಡಬೇಕೋ ಸಾರು ಮಾಡಬೇಕೋ ಎಂದು ಕೇಳಿದರು. ಹಸಿಯಾಗೇ ತಿನ್ನುವುದು ಅಂದೆ. ನಕ್ಕು ಆಶೀರ್ವಾದ ಮಾಡಿದರು. ಆಮೇಲೆ ಮಾತಿಗೆ ಮಾತು ಅನ್ನುವ ಹಾಗೆ ಕೇಳಿದರು.

"ತಾರಸಿ ಮ್ಯಾಲೆ ಬಾಡಿಗೆ ಮನೆ ಕಟ್ಟಕ್ಕೆ ಶಿವರಾತ್ರಿ ಆದ್ಮೇಲೆ ದಿನ ಕೊಟ್ಟಿದ್ನಲ್ಲ ತಾಯಿ, ಇಟ್ಟಿಗೆ ಬಂತಾ?"

ಯಾವ ಮನೆ, ಯಾವ ದಿನ! ಯಜಮಾನರೇ ಬಂದು ಮುಹೂರ್ತ ಕೇಳಿಕೊಂಡು ಹೋಗಿದ್ದರಂತೆ. ಅದೂ ದೀಪಾವಳಿಗೆ ಮುಂಚೆ. ಅಂದರೆ, ತಾರಸಿ ನಿಂದೇ ಅನ್ನುವುದಕ್ಕೂ ಮೊದಲೇ. ಮೇಲೆ ಬಸಪ್ಪ ಒಳಗೆ ವಿಷಪ್ಪ ಎಂದು ಬೇರೆಯವರ ಗಂಡಂದಿರನ್ನು ಆಡಿಕೊಳ್ಳುತ್ತಿದ್ದವಳು, ಬಸ್ಸಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿ ಅಳುತ್ತಾ ಬಂದೆ.

ಮನೆಗೆ ಬಂದವಳೇ ಯಜಮಾನರನ್ನು ಕೇಳಿದೆ. ಅಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು, ನಿನ್ನ ಮನಸ್ಸು ನೋಯಬಾರದು ಅಂತ ಹೇಳಲಿಲ್ಲ ಅಂದರು.

"ಮತ್ತೆ ಪೈಪಿಗೆ ಯಾಕ್ರೀ ತೂತು ಕೊರ್ದುಕೊಟ್ರಿ?"

"ಮಣ್ಣಿಲ್ದೆ ಎಲ್ಲಿ ಬತ್ತದೆ, ಒಣಗೋಯ್ತದೆ, ಬೇಜಾರಾಗಿ ನೀನೇ ಕಿತ್ತಾಕ್ತೀಯ ಅಂದ್ಕೊಂಡಿದ್ದೆ ಕಣೇ."

ತಾರಸಿ ಹೋದರೆ ಹಾಳಾಗಿ ಹೋಗಲಿ. ನಾನು ಸೋತೇ ಸೋಲುತ್ತೇನೆ ಎಂದು ನಂಬಿಕೊಂಡೇ ದಿನವಿಡೀ ನನ್ನ ಪಕ್ಕ ಕೂತು ಬೆವರು ಸುರಿಸಿದರಲ್ಲ, ಅದನ್ನು ಹೇಗೆ ನುಂಗಲಿ?