ಗುಡ್ಡವಿಲ್ಲದ ಊರಿನ ಡ್ರಾಯಿಂಗ್ ಮಾಸ್ತರ

ಸರಕಾರಿ ಹೈಸ್ಕೂಲಿಗೆ ಚಿತ್ರಕಲಾ ಶಿಕ್ಷಕರಾಗಿ ಸೇರುವ ಹುಡುಗ ಹುಡುಗಿಯರಿಗೆ ನನ್ನದೊಂದು ಬುದ್ಧಿಮಾತು. ನಿಮ್ಮ ಅಕ್ಷರ ಚೆಂದ ಇದೆ ಎಂಬುದು ಯಾರಿಗೂ ಗೊತ್ತಾಗಬಾರದು. ಹಾಜರಿ ಪುಸ್ತಕದಲ್ಲಿ ಸಹಿಯನ್ನೂ ಕೋಳಿ ಕೆದರಿದ ಹಾಗೆ ಮಾಡಿ. ಒಮ್ಮೆ ಗೊತ್ತಾಯಿತೋ, ಸಾಹೇಬರು ಬರುವ ದಿನದ ಸ್ವಾಗತದ ಬೋರ್ಡು, ಅಡುಗೆ ಕೋಣೆಯ ಗೋಡೆಯ ಮೇಲೆ ವಾರದ ಊಟದ ವಿವರ, ಬೀಳ್ಕೊಡುಗೆಯ ಪ್ರಮಾಣಪತ್ರಗಳು, ಕೊನೆಗೆ ಹೆಡ್‌ಮಾಸ್ತರರ ಮಗಳ ಮದುವೆ ಮಂಟಪದ ಥರ್ಮಾಕೋಲ್ ಅಕ್ಷರ ಕೂಡ ನಿಮ್ಮ ಕೊರಳಿಗೆ ಬೀಳುತ್ತವೆ. ಬೀಳದೆ ಉಳಿಯುವುದು ಒಂದೇ ಕೆಲಸ, ಮಕ್ಕಳಿಗೆ ಚಿತ್ರ ಕಲಿಸುವುದು.

ನನ್ನಪ್ಪ ಅಣ್ಣಿಗೇರಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಹುಲಿ, ಹದ್ದು, ಮಾಲೀಕರ ಮಕ್ಕಳ ಹೆಸರು ಬರೆದು ಫೀ ಕಟ್ಟಿಕೊಂಡು ಓದಿದವನು. ಹುಲಿಗೆ ಒಂದು ರೇಟು, ಮಕ್ಕಳ ಹೆಸರಿಗೆ ಒಂದು ರೇಟು. ಮಕ್ಕಳು ಜಾಸ್ತಿ ಇದ್ದರೆ ಹುಲಿಯ ರೇಟಿನಲ್ಲಿ ಸ್ವಲ್ಪ ಬಿಡುತ್ತಿದ್ದೆ. ಹಾಗಾಗಿ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವವರ ಮುಖ ದೂರದಿಂದಲೇ ನನಗೆ ಗುರುತು ಸಿಗುತ್ತದೆ. ಕುಂದಗೋಳ ತಾಲೂಕಿನ ಈ ಶಾಲೆಗೆ ಬಂದ ಮೇಲೆ ಅಂಥ ಮುಖ ಮೊದಲು ಕಂಡದ್ದು ಹೆಡ್‌ಮಾಸ್ತರರದ್ದು.

"ಡ್ರಾಯಿಂಗ್ ಸರ, ನಿಮ್ಮ ಪಿರಿಯಡ್ ಗಣಿತದವರಿಗೆ ಕೊಟ್ಟಬಿಡ್ರಿ. ಹತ್ತನೇ ಕ್ಲಾಸಿನ ರಿಸಲ್ಟ್ ನೋಡಬೇಕಲ್ರಿ. ಚಿತ್ರ ತಗದು ಯಾರ್ ಪಾಸ್ ಆಗ್ಯಾರ?" ಎಂದರು.

"ಕೊಡತೇನ್ರಿ. ಬೋರ್ಡನೂ ಅವರ ಕಡೇನ ಬರಸ್ರಿ."

"ಯಾವ ಬೋರ್ಡ?"

"ನಾಳೆ ಸಾಹೇಬ್ರು ಬರತಾರಲ್ರಿ, ಅವರ ಸ್ವಾಗತದ್ದು. ಗಣಿತದ ಸರ ತ್ರಿಕೋನ ಅಗದಿ ಚಲೋ ಹಾಕತಾರ."

"ಏನ್ ಮಾತ್ರಿ ಇದು! ಶಾಲಿ ಮರ್ಯಾದಿ ಪ್ರಶ್ನಾ ಐತಿ. ನಾ ಹುಬ್ಬಳ್ಳ್ಯಾಗ ಫ್ಲೆಕ್ಸ್ ಮಾಡಸ್ತೇನಿ."

"ಮಾಡಸ್ರಿ. ಫ್ಲೆಕ್ಸ್ ಬರೂದ್ರಾಗ ಸಾಹೇಬ್ರು ಚಾ ಕುಡದು ಹೋಗಿರತಾರ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಚೌಕಾಶಿಗೆ ಇಳಿಯುವವರು ಮೊದಲು ಕನ್ನಡಕ ಒರೆಸುತ್ತಾರೆ. "ಎಷ್ಟ್ ಪಿರಿಯಡ್ ಬೇಕ್ರಿ?" ಎಂದು ಕೇಳಿದರು. ವಾರಕ್ಕೆ ಎರಡು ಎಂದೆ. ಆ ಎರಡು ಪಿರಿಯಡ್ ಸರಕಾರವೇ ವೇಳಾಪಟ್ಟಿಯಲ್ಲಿ ಕೊಟ್ಟದ್ದು. ನನ್ನದನ್ನೇ ನಾನು ಚೌಕಾಶಿ ಮಾಡಿ ಕೊಂಡುಕೊಳ್ಳಬೇಕಾಯಿತು. ಆದರೂ ಕೊಂಡೆ. ಹಕ್ಕು ಹಕ್ಕು ಎಂದು ಕೂಗುತ್ತ ಕೂತ ನನ್ನ ಜೊತೆಯವರೆಲ್ಲ ಇವತ್ತು ಚಿತ್ರದ ಪಿರಿಯಡ್ಡಿನಲ್ಲಿ ಬಿಸಿಯೂಟದ ಅಕ್ಕಿ ತೂಗಿಸುತ್ತಿದ್ದಾರೆ.

ಆ ಎರಡು ಪಿರಿಯಡ್ಡಿನಲ್ಲಿ ನನ್ನ ಕಣ್ಣಿಗೆ ಬಿದ್ದವಳು ಹತ್ತನೆಯ ತರಗತಿಯ ಒಬ್ಬ ಹುಡುಗಿ. ಅವಳಪ್ಪ ಎತ್ತಿನ ದಲಾಲಿ, ಸುತ್ತಲಿನ ದನದ ಸಂತೆಗಳಲ್ಲೆಲ್ಲ ಪರಿಚಿತ. ರಜೆ ಬಂದರೆ ಮಗಳನ್ನೂ ಸಂತೆಗೆ ಕರೆದುಕೊಂಡು ಹೋಗುತ್ತಿದ್ದ. ಅವಳು ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಎತ್ತು ಬರೆಯುತ್ತಿದ್ದಳು. ಬೇರೆ ಮಕ್ಕಳ ಎತ್ತು ನಾಲ್ಕು ಕೋಲಿನ ಮೇಲೆ ಇಟ್ಟ ಚೀಲದ ಹಾಗಿದ್ದರೆ, ಇವಳ ಎತ್ತು ಒಂದು ಕಾಲಿನ ಭಾರ ಇನ್ನೊಂದಕ್ಕೆ ಕೊಟ್ಟು ನಿಂತಿರುತ್ತಿತ್ತು. ಎಸ್ಸೆಸ್ಸೆಲ್ಸಿ ಆದವರನ್ನು ತೆಗೆದುಕೊಳ್ಳುವ ಕಲಾ ಶಾಲೆಯೊಂದು ಧಾರವಾಡದ ಕಡೆ ಇದೆ ಎಂದು ನಾನೇ ಅವಳಿಗೆ ಹೇಳಿದೆ. ಅವತ್ತಿನಿಂದ ಅವಳಿಗೆ ಬೇರೆ ಯೋಚನೆ ಇಲ್ಲ.

ಪಾಲಕರ ಸಭೆಗೆ ಬಂದ ಅಪ್ಪನ ಮುಂದೆ ವಿಷಯ ಇಟ್ಟೆ. ಆತ ನಕ್ಕುಬಿಟ್ಟ. "ಮಾಸ್ತರ, ಎತ್ತಿನ ಚಿತ್ರಾ ಗಾಡಿ ಎಳೀತೈತೇನ್ರಿ? ಯಾರ್ ರೊಕ್ಕಾ ಕೊಡತಾರ ಅದಕ್ಕ?"

"ಕಲತ್ರ ಕೊಡತಾರ್ರಿ."

"ಹಂಗಾರ ಒಂದ್ ಮಾತ್ರಿ. ತಾಲೂಕಿನಾಗ ಒಂದನೇ ನಂಬರ ತರಲಿ, ಕಳಸ್ತೇನಿ. ಬರಲಿಲ್ಲಂದ್ರ ಟೇಲರಿಂಗ್ ಕ್ಲಾಸಿಗೆ ಹಾಕತೇನಿ. ನೀವೂ ಮತ್ತ ಕೇಳಬ್ಯಾಡ್ರಿ, ಅಕೀನೂ ಅಳಬಾರದು."

ಸಂತೆಯಲ್ಲಿ ಎತ್ತಿನ ಹಲ್ಲು ಬಿಡಿಸಿ ನೋಡದೆ ಹಗ್ಗ ಮುಟ್ಟದ ಮನುಷ್ಯ, ಮಗಳ ಕೈಯ ಬೆಲೆ ತಿಳಿಯಲು ಸರಕಾರದ ಶಿಕ್ಕಾ ಕೇಳುತ್ತಿದ್ದ. ಇರಲಿ, ಗಿರಾಕಿ ಕೇಳಿದ ಮಾಲು ಕೊಡಬೇಕು. ತಾಲೂಕು ಮಟ್ಟದ ಚಿತ್ರ ಸ್ಪರ್ಧೆ ಹತ್ತಿರದಲ್ಲೇ ಇತ್ತು. ವಿಷಯ "ನಮ್ಮ ಊರು".

ಈಗ ನಮ್ಮ ಸೀಮೆಯ ಚಿತ್ರ ಸ್ಪರ್ಧೆಗಳ ಬಗ್ಗೆ ಹೇಳಬೇಕು. ಯರಗುಪ್ಪಿಯ ಕಡೆ ಹೋಗುವ ರಸ್ತೆಯಲ್ಲಿ ನಿಂತು ಸುತ್ತ ನೋಡಿ. ಕರಿ ಎರೆಮಣ್ಣು ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಆಕಾಶಕ್ಕೆ ಹೋಗಿ ಮುಟ್ಟುತ್ತದೆ. ನಡುವೆ ಒಂದು ಜಾಲಿ ಗಿಡ ಸಿಕ್ಕರೆ ಹೆಚ್ಚು. ಇಲ್ಲಿಯ ಮಗುವಿನ ಕೈಗೆ ಕಾಗದ ಕೊಟ್ಟು "ನಮ್ಮ ಊರು" ಬರೆ ಎನ್ನಿ. ಎರಡು ಗುಡ್ಡ, ನಡುವೆ ಸೂರ್ಯ, ಗುಡ್ಡದಿಂದ ಇಳಿದು ಬರುವ ನದಿ, ದಂಡೆಗೆ ತೆಂಗಿನ ಮರ, ಕೆಂಪು ಹಂಚಿನ ಮನೆ. ಇದೆಲ್ಲ ಅವರಪ್ಪನ ಊರಲ್ಲೂ ಇಲ್ಲ, ಅಜ್ಜನ ಊರಲ್ಲೂ ಇಲ್ಲ. ಒಂದನೆಯ ತರಗತಿಯಲ್ಲಿ ಯಾವನೋ ಗೋಡೆಯ ಮೇಲೆ ಬರೆದುಹೋದದ್ದನ್ನು ಹತ್ತು ವರ್ಷ ನಕಲು ಮಾಡಿಸುತ್ತಾರೆ. ಅದಕ್ಕೇ ಬಹುಮಾನವನ್ನೂ ಕೊಡುತ್ತಾರೆ.

ನಾನು ಆದರ್ಶದ ಮನುಷ್ಯ ಅಲ್ಲ. ಹುಡುಗಿಯನ್ನು ಕರೆದು ನೇರವಾಗಿ ಹೇಳಿದೆ. "ನೋಡವಾ, ನಂಬರ ಬೇಕಂದ್ರ ಎರಡ ಗುಡ್ಡಾ ತಗಿ. ಕಾಗದ ತುಂಬ ಬಣ್ಣಾ ಬಡಿ. ನಂಬರ ತಗೊಂಡ ಮ್ಯಾಲ ಜೀವನಪೂರ್ತಿ ನಿನಗ ಬೇಕಾದ್ದು ತಗೀವಂತಿ."

"ಗುಡ್ಡಾ ನಾ ನೋಡೇ ಇಲ್ರಿ ಸರ."

"ಬಹುಮಾನ ಕೊಡವರೂ ನೋಡಿಲ್ಲ. ನೀ ಯಾಕ ಚಿಂತಿ ಮಾಡತಿ?"

"ನಮ್ಮ ಊರು ಅಂದ್ರ ನಮ್ಮೂರ ತಗೀಬೇಕಲ್ರಿ," ಎಂದಳು. ನಾನು ತಲೆ ಚಚ್ಚಿಕೊಂಡೆ. ಬುದ್ಧಿ ಹೇಳಿದ್ದು ಕೇಳದ ಮಕ್ಕಳಿಗೆ ಇನ್ನೇನು ಹೇಳುವುದು?

ಸ್ಪರ್ಧೆಯ ದಿನ ಅವಳು ಪೆನ್ಸಿಲ್ಲು, ಇದ್ದಿಲು ಹಿಡಿದು ಕೂತು ದನದ ಸಂತೆ ಬರೆದಳು. ನಡುವೆ ಅವಳಪ್ಪ, ಎದುರಿಗೆ ಒಬ್ಬ ಗಿರಾಕಿ, ಇಬ್ಬರ ಕೈಗಳ ಮೇಲೆ ಒಂದು ಟವೆಲ್. ಬಾಜೂಕ್ಕೆ ಎತ್ತು ಬೇರೆ ಕಡೆ ನೋಡುತ್ತ ನಿಂತಿದೆ. ಸುತ್ತಲೂ ಬರಿಯ ಬಿಳಿ ಕಾಗದ. ಮಟಮಟ ಮಧ್ಯಾಹ್ನ ಎಂದು ಯಾರಿಗಾದರೂ ತಿಳಿಯುವ ಹಾಗಿತ್ತು.

ಯಾರಿಗಾದರೂ ಎಂದದ್ದು ತಪ್ಪಾಯಿತು. ಚಿತ್ರಗಳನ್ನು ನೋಡಿ ನಂಬರ್ ಕೊಡಲು ಕೂರಿಸಿದ್ದು ಒಬ್ಬ ಪಿ.ಟಿ. ಮಾಸ್ತರನನ್ನು. ಅವನ ಕಬಡ್ಡಿ ಪಂದ್ಯ ಬೇಗ ಮುಗಿದು ಖಾಲಿ ಇದ್ದನಂತೆ. ಸೀಟಿ ಇನ್ನೂ ಕೊರಳಲ್ಲೇ ಇತ್ತು. ತಾಲೂಕಿನಲ್ಲಿ ಉಳಿದಿರುವ ಡ್ರಾಯಿಂಗ್ ಮಾಸ್ತರರೆಲ್ಲರ ಶಾಲೆಯ ಮಕ್ಕಳೂ ಸ್ಪರ್ಧೆಯಲ್ಲಿ ಇದ್ದುದರಿಂದ ನಮ್ಮನ್ನು ತೀರ್ಪಿನಿಂದ ದೂರ ಇಟ್ಟಿದ್ದರು. ಚಿತ್ರ ಗೊತ್ತಿರುವವರನ್ನೆಲ್ಲ ಹೊರಗಿಟ್ಟರೆ ನ್ಯಾಯ ತಾನಾಗಿ ಒಳಗೆ ಬರುತ್ತದೆ ಎಂಬ ನಂಬಿಕೆ.

ಆತ ಹುಡುಗಿಯ ಚಿತ್ರ ಎತ್ತಿ ನನಗೇ ತೋರಿಸಿದ. "ಸರ, ಇದನ್ನ ಅರ್ಧಕ್ಕ ಬಿಟ್ಟಾಳ. ನೋಡ್ರಿ, ಬಿಳಿ ಹಂಗ ಉಳದೈತಿ."

"ಅದು ಬಿಸಲ್ರಿ."

"ಬಿಸಲಿಗೆ ಹಳದಿ ಹಚ್ಚಬೇಕ್ರಿ. ಮತ್ತ ಇದೇನ್ರಿ, ದಲಾಲಿ ಮಂದಿ? ನಮ್ಮ ಊರು ಅಂದ್ರ ಸುಂದರ ಇರಬೇಕೋ ಬ್ಯಾಡೋ?"

"ನಿಮ್ಮೂರಾಗ ಗುಡ್ಡಾ ಐತೇನ್ರಿ?"

"ಇಲ್ಲ. ಅದಕ್ಕ ಚಿತ್ರದಾಗರ ಇರಲಿ ಅಂತೇನಿ."

ನಾನು ಬೇಡಿಕೆ ಇಳಿಸುತ್ತ ಹೋದೆ. ಎರಡನೆಯದಾದರೂ ಕೊಡಿ, ಮೂರನೆಯದು, ಹೋಗಲಿ ಸಮಾಧಾನಕರ ಬಹುಮಾನ. ಸಮಾಧಾನಕರ ಆಗಲೇ ಹೋಗಿತ್ತು, ಅವತ್ತಿನ ಊಟದ ವ್ಯವಸ್ಥೆ ಮಾಡಿದವರ ಮಗನಿಗೆ. ಒಂದನೆಯ ಬಹುಮಾನ ಬಂದ ಚಿತ್ರದಲ್ಲಿ ಎರಡು ಗುಡ್ಡ ಇದ್ದವು, ಸೂರ್ಯ ಇದ್ದ. ನದಿ ಮಾತ್ರ ಕೆಳಗಿನಿಂದ ಗುಡ್ಡ ಹತ್ತುತ್ತಿತ್ತು. ಅದನ್ನು ಎತ್ತಿ ಹಿಡಿದು ಅತಿಥಿಯೊಬ್ಬರು, ಕಲೆಯೇ ನಾಡಿನ ಉಸಿರು ಎಂದು ಬಹಳ ಹೊತ್ತು ಮಾತಾಡಿದರು. ಅವರ ತಲೆಯ ಮೇಲಿನ ಬೋರ್ಡು ಕೂಡ ನನ್ನಂಥವನೊಬ್ಬ ಪುಕ್ಕಟೆ ಬರೆದದ್ದು.

ಹುಡುಗಿ ಅಳಲಿಲ್ಲ. "ಟೇಲರಿಂಗ್ ಕ್ಲಾಸು ಯಾವಾಗ ಸುರು ಆಗತೈತ್ರಿ ಸರ?" ಎಂದು ಕೇಳಿದಳು. ಆ ಮಾತು ನನಗೆ ಹಿಡಿಸಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಚಿತ್ರವನ್ನು ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ.

ರವಿವಾರ ಅವರ ಮನೆಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಎತ್ತಿನ ಮೂಗುದಾರ ಹೊಸೆಯುತ್ತಿದ್ದ.

"ಏನಾತ್ರಿ ಮಾಸ್ತರ, ನಂಬರ?"

"ಬರಲಿಲ್ರಿ."

"ಮುಗೀತಲ್ರಿ ಮತ್ತ. ಚಾ ಕುಡ್ಯೂಣು, ಕುಂಡರ್ರಿ."

"ಚಿತ್ರರ ನೋಡ್ರಿ ಒಮ್ಮೆ."

ಬಿಚ್ಚಿ ಕೊಟ್ಟೆ. ತನ್ನ ಮುಖ ನೋಡಿ ಆತ ಒಳಗೆ ಕೂಗಿದ. "ನನ್ನ ಮೂಗು ಇಷ್ಟ ದಪ್ಪ ಐತೇನ್ ಬೇ?"

"ಅದಕ್ಕಿಂತ ದಪ್ಪೈತಪ್ಪಾ, ಸಣ್ಣ ಮಾಡೇನಿ," ಎಂದು ಒಳಗಿನಿಂದ ಮಗಳ ಉತ್ತರ ಬಂತು.

ಆತ ನಕ್ಕ, ನಗು ಅರ್ಧಕ್ಕೇ ನಿಂತಿತು. ಕಾಗದವನ್ನು ಕಣ್ಣಿನ ಹತ್ತಿರ ತಂದ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲಾಲಿ, ಗಿರಾಕಿ ಇಬ್ಬರೂ ಟವೆಲ್ಲಿನ ಕೆಳಗೆ ಕೈ ಕೊಟ್ಟು ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳೋ ಅಷ್ಟು ಬೆಲೆ. ಸುತ್ತ ಜನ ಕವಿದು ನಿಂತರೂ ಬೆಲೆ ಅವರಿಬ್ಬರಿಗೇ ಗೊತ್ತು. ಆತನ ಬದುಕು ನಿಂತದ್ದು ಆ ಟವೆಲ್ಲಿನ ಮೇಲೆ.

"ಮಾಸ್ತರ," ಎಂದ, ದನಿ ತಗ್ಗಿಸಿ. "ಈ ಮಡಿಕಿ ನೋಡ್ರಿ. ನಾ ಮೂರ ಬೆರಳ ಹಿಡದೇನಿ ಅಂತ ಕಾಣತೈತಿ."

ನಾನೂ ನೋಡಿದೆ. ಹೌದು, ಟವೆಲ್ಲಿನ ಉಬ್ಬು ತಗ್ಗುಗಳಲ್ಲಿ ಬೆರಳು ಎಣಿಸಬಹುದಿತ್ತು. ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ.

"ಇದನ್ನ ಯಾರ್ಯಾರ ನೋಡ್ಯಾರ್ರಿ?"

"ಇಡೀ ತಾಲೂಕ ನೋಡೇತ್ರಿ."

"ಯವ್ವಾ! ಏನಂದ್ರು?"

"ಬಿಸಲಿಗೆ ಹಳದಿ ಹಚ್ಚಿಲ್ಲ ಅಂದ್ರು."

ಆತ ನಿಟ್ಟುಸಿರುಬಿಟ್ಟ. ಆಮೇಲೆ ಮೆಲ್ಲಗೆ, "ಈ ಚಿತ್ರಾ ನನಗ ಕೊಟ್ಟಬಿಡ್ರಿ," ಎಂದ.

ಎದುರಿನವ ಮೊದಲು ಕೈ ಚಾಚಿದಾಗ ಮಾಡಬೇಕಾದ್ದು ಒಂದೇ, ಮಾಲನ್ನು ಸುತ್ತಿ ಚೀಲಕ್ಕೆ ಹಾಕುವುದು. ಹಾಕಿದೆ. "ಕೊಡೂಣ್ರಿ. ಹುಡಿಗೀನ ಕಲಾ ಶಾಲಿಗೆ ಕಳಸ್ರಿ. ಮೊದಲ ಎರಡು ವರ್ಷ, ಆಮ್ಯಾಲ ಮೂರು. ಒಟ್ಟ ಐದು."

"ನಂಬರ ಬರಲಿಲ್ಲಲ್ರಿ?"

"ನಂಬರ ಕೊಟ್ಟವಗ ಕಬಡ್ಡಿ ತಿಳೀತೈತ್ರಿ. ನೀವು ಸಂತ್ಯಾಗ ಎತ್ತು ತಗೊಳ್ಳೂವಾಗ ಯಾರನ್ನ ಕೇಳತೀರಿ, ಕಂಡಕ್ಟರನ್ನ?"

ಆತ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಹೆಗಲ ಮೇಲಿನ ಟವೆಲ್ ತೆಗೆದು ನಮ್ಮಿಬ್ಬರ ಕೈಯ ಮೇಲೆ ಹಾಕಿದ. ಒಂದು ಬೆರಳು ಹಿಡಿದ, ಅಂದರೆ ಒಂದು ವರ್ಷ. ನಾನು ಅವನ ಐದೂ ಬೆರಳನ್ನು ಮುಷ್ಟಿಯಲ್ಲಿ ಹಿಡಿದೆ.

"ಎತ್ತ ಅಲ್ರಿದು, ಹೆಣ್ಮಗಳು," ಎಂದ, ಕೈ ಎಳೆದುಕೊಳ್ಳುತ್ತ.

"ಅದಕ್ಕ ಪೂರ್ತಿ ಕೈ ಹಿಡದೇನ್ರಿ."

ಆತ ಮತ್ತೆ ಟವೆಲ್ಲಿನ ಕೆಳಗೆ ಕೈ ಕೊಟ್ಟ. ಅವನ ಬೆರಳು ಜಾರಿತು, ನನ್ನದು ಹಿಂಬಾಲಿಸಿತು. ಕೊನೆಗೆ ಎರಡಕ್ಕೆ ನಿಂತಿತು. ಎರಡು ವರ್ಷ, ದಿನಾ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬೇಕು. ಆತ ಅಂಗೈಗೆ ಅಂಗೈ ತಟ್ಟಿದ. ನಾನು ಚಿತ್ರ ಕೊಟ್ಟೆ. ಟೇಲರಿಂಗಿನಿಂದ ಎರಡು ವರ್ಷ ಎಳೆದುಕೊಂಡು ಬಂದೆ ಎಂದು ನನಗೆ ಒಳ್ಳೆಯ ಹೆಮ್ಮೆಯೇ ಆಯಿತು.

ಹುಡುಗಿ ಯಾವಾಗಲೋ ಬಾಗಿಲಿಗೆ ಬಂದು ನಿಂತಿದ್ದಳು. ಚಹಾದ ಕಪ್ಪು ಕೈಗೆ ಕೊಡುತ್ತ ಹೇಳಿದಳು. "ಲಗೂನ ಕೈ ಬಿಟ್ಟ್ರಿ ಸರ, ಇನ್ನ ಸ್ವಲ್ಪ ಹೊತ್ತ ಹಿಡೀಬೇಕಿತ್ತು. ಅಪ್ಪನ ಕೈ ನಾಕಕ್ಕ ಸಡ್ಲಾಗಿತ್ತು."

"ಒಳಗ ನಡಿ ಬೇ!" ಎಂದು ಅಪ್ಪ ಗದರಿದ. ನಾನು ಅವನ ಮುಖ ನೋಡಿದೆ. ಆತ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಅಂದ. "ಇಕೀನ ಲಗೂನ ಕರಕೊಂಡ ಹೋಗ್ರಿ ಮಾಸ್ತರ. ಮನ್ಯಾಗ ಇದ್ರ ನನ್ನ ಧಂದೇ ಮುಳಗಸ್ತಾಳ."

ಈಗ ಅವಳದು ಎರಡನೆಯ ವರ್ಷ ಮುಗಿಯುತ್ತ ಬಂದಿದೆ. ಐದು ವರ್ಷ ಓದಿ ಬಂದರೆ ನೌಕರಿ ಕಾದಿರುತ್ತದೆ ಎಂದು ನಾನು ಅವಳಿಗೆ ಸುಳ್ಳು ಹೇಳಿಲ್ಲ. ನಿವೃತ್ತರಾದ ಡ್ರಾಯಿಂಗ್ ಮಾಸ್ತರರ ಕುರ್ಚಿಗಳ ಮೇಲೆ ಧೂಳು ಕೂತಿದೆ, ಒರೆಸುವವರು ಯಾರೂ ಇಲ್ಲ ಎಂದು ಸ್ಪಷ್ಟ ಹೇಳಿದ್ದೇನೆ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಮುಂದಿನ ಮೂರು ವರ್ಷಕ್ಕೆ ಅಪ್ಪನ ಹತ್ತಿರ ಮಾತಾಡಲು ಯಾವಾಗ ಬರಲಿ ಎಂದು ಕೇಳಿದೆ.

"ನೀವ್ ಬರಬ್ಯಾಡ್ರಿ ಸರ," ಎಂದಳು. "ನೀವು ಲಗೂನ ಬಿಡತೀರಿ. ಟವೆಲ್ ಹಾಕಿ ಅಪ್ಪನ ಮುಂದ ನಾನ ಕುಂಡರತೇನಿ."