ಸೂಜಿಯಕ್ಕ ಆರಿಸಿದ ಸದ್ದಿಲ್ಲದ ಫ್ಯಾನು

ಗರ್ರ್... ಕಟ್. ಗರ್ರ್... ಕಟ್. ಬಚ್ಚಲುಮನೆಯ ಗೋಡೆಯ ಮೇಲೆ ಕೂತಿದ್ದ ಹಳೆಯ ಎಕ್ಸಾಸ್ಟ್ ಫ್ಯಾನು ಬೆಳಗಿನಿಂದ ಹಲ್ಲು ಕಡಿಯುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸೂಜಿಯಕ್ಕ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಫ್ಯಾನಿನ ಸದ್ದು ಅವಳಿಗೆ ಹಳೆಯದು. ಅದರ ಬೆನ್ನಿಗೇ ಬರಬಹುದಾದ ಇನ್ನೊಂದು ಸದ್ದಿಗೆ ಅವಳು ಹೆದರುತ್ತಿದ್ದಳು. ಅದೂ ಬಂತು. ಬಕೆಟ್ಟನ್ನು ನೆಲಕ್ಕೆ ಮಗುಚಿಹಾಕಿದ ಸದ್ದು.

"ರೀ! ಇಳೀರಿ ಕೆಳಗೆ!"

ಒದ್ದೆ ಕೈಯಲ್ಲೇ ಓಡಿದಳು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಗಂಡ ಬಕೆಟ್ಟಿನ ಮೇಲಿಂದ ಜಾರಿ ಗೋಡೆಗೊರಗಿ ಕೂತಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಫ್ಯಾನನ್ನು ತಡೆದು ನಿಲ್ಲಿಸಲೆಂದು ಎತ್ತಿಕೊಂಡಿದ್ದ ನೆಲ ಒರೆಸುವ ಕೋಲನ್ನು ಮಾತ್ರ ಕೈ ಬಿಟ್ಟಿರಲಿಲ್ಲ.

"ಬೇರಿಂಗ್ ಹೋಗಿದೆ," ಎಂದು ಅವಳನ್ನೇ ಗದರಿದ. "ಮೊದಲು ನಿಲ್ಸು, ಆಮೇಲೆ ಕೇಳು ಅಂತ ಎಷ್ಟು ಸಲ ಹೇಳ್ಬೇಕು? ಯಾರದಾದ್ರೂ ಕೈ ಹೋದ್ಮೇಲೆ ನಿಲ್ಲಿಸ್ತೀರೇನು?"

ಆ ಊರಿನ ದೊಡ್ಡ ಪ್ರೆಸ್ಸಿನಲ್ಲಿ ಅಚ್ಚಿನ ಯಂತ್ರಗಳ ರಿಪೇರಿ ಅವನ ಕೆಲಸವಾಗಿತ್ತು. ಕಿವಿಮೇಸ್ತ್ರಿ ಎಂದರೆ ಕಾವಲುಗಾರನಿಂದ ಮ್ಯಾನೇಜರನವರೆಗೆ ಎಲ್ಲರಿಗೂ ಗೊತ್ತು. ಯಂತ್ರಗಳೆಲ್ಲ ಒಟ್ಟಿಗೆ ಆರ್ಭಟಿಸುವಾಗಲೂ ಚಹಾ ಲೋಟ ಕೆಳಗಿಟ್ಟು, "ಮೂಲೇದು ಕೆಮ್ಮಿತು," ಎಂದು ಎದ್ದುಹೋಗುತ್ತಿದ್ದ. ಹೋಗಿ ನೋಡಿದರೆ ಮೂಲೆಯ ಯಂತ್ರದಲ್ಲಿ ಒಂದು ನಟ್ಟು ಸಡಿಲವಾಗಿರುತ್ತಿತ್ತು. ಅವಳು ಎದುರಿನ ಬೈಂಡಿಂಗ್ ಕೋಣೆಯಲ್ಲಿ ಹಾಳೆ ಮಡಚಿ ದಾರ ಹಾಕಿ ಹೊಲಿಯುತ್ತಿದ್ದಳು. ಸೂಜಿಯಕ್ಕ ಎಂಬ ಹೆಸರು ಬಂದದ್ದು ಹಾಗೆ. ಇಬ್ಬರ ಮದುವೆಯ ಸುದ್ದಿ ಹಬ್ಬಿದ ದಿನ ಪ್ರೆಸ್ಸಿನಲ್ಲಿ ಕೆಲಸ ನಿಂತಿತ್ತಂತೆ. "ಕಿವಿಗೆ ಸೂಜಿ ಸಿಕ್ತಪ್ಪ, ಇನ್ನು ಚುಚ್ಚಿಸ್ಕೊಳ್ಳೋದೊಂದೇ ಬಾಕಿ," ಎಂದು ಯಾರೋ ಅಂದದ್ದಕ್ಕೆ ಮೇಸ್ತ್ರಿ ವಾರಗಟ್ಟಲೆ ಕೆಂಪಗಾಗಿ ಓಡಾಡಿದ್ದ.

ಅಲ್ಲೊಂದು ಕಟ್ಟುನಿಟ್ಟಿನ ರೂಢಿಯಿತ್ತು. ಯಂತ್ರದ ಹೊಟ್ಟೆಗೆ ಕೈ ಹಾಕುವ ಮುನ್ನ ಮೇಸ್ತ್ರಿಯಾದವನು "ನಿಂತಿದೆಯಾ?" ಎಂದು ಕೂಗಬೇಕು. ಯಂತ್ರ ಕಣ್ಣಿಗೆ ಬೀಳುವಲ್ಲಿ ನಿಂತವರು ನೋಡಿ, "ನಿಂತಿದೆ!" ಎಂದು ಕೂಗಬೇಕು. ಆ ಉತ್ತರ ಬಾರದೆ ಒಂದು ಬೆರಳೂ ಒಳಗೆ ಹೋಗುವಂತಿಲ್ಲ. ಬೈಂಡಿಂಗ್ ಕೋಣೆಯ ಬಾಗಿಲು ಯಂತ್ರಗಳಿಗೆ ಎದುರಾಗಿದ್ದುದರಿಂದ ಉತ್ತರ ಕೊಡುತ್ತಿದ್ದವಳು ಬಹುಪಾಲು ಸೂಜಿಯಕ್ಕನೇ. ತಲೆ ಎತ್ತಿ ನೋಡುವಳು, ಕೂಗುವಳು, ಮತ್ತೆ ಹೊಲಿಗೆಗೆ ಬಗ್ಗುವಳು. ಅಲ್ಲಿ ಬೆರಳು ಕಳೆದುಕೊಳ್ಳದೆ ನಿವೃತ್ತರಾದ ಮೇಸ್ತ್ರಿಗಳು ಅಪರೂಪ. ಗಂಡನ ಹತ್ತೂ ಬೆರಳು ನೆಟ್ಟಗಿರುವುದರಲ್ಲಿ ತನ್ನ ಗಂಟಲಿನದೂ ಪಾಲಿದೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಆಮೇಲೆ ಮರೆವಿನ ರೋಗ ಬಂತು. ಅದು ಮೊದಲು ಸ್ನೇಹಿತರ ಹೆಸರುಗಳನ್ನು ತಿಂದಿತು. ನಂತರ ಬೀದಿಗಳನ್ನು, ಕೊನೆಗೆ ವರ್ಷಗಳನ್ನೇ ತಿಂದಿತು. ಕಿವಿಯನ್ನು ಮಾತ್ರ ಎಂಜಲು ಮಾಡದೆ ಬಿಟ್ಟಿತು. ಮೇಸ್ತ್ರಿಗೆ ಈಗ ಮನೆಯೆಲ್ಲ ಪ್ರೆಸ್ಸು. ಕಪಾಟಿಗೆ ಕೈ ಹಾಕುವ ಮುನ್ನ, ಒಮ್ಮೊಮ್ಮೆ ಅಂಗಿಯ ತೋಳಿಗೆ ಕೈ ತೂರಿಸುವ ಮುನ್ನವೂ, "ನಿಂತಿದೆಯಾ?" ಎಂದು ಕೂಗುತ್ತಿದ್ದ. ಉತ್ತರ ಬರದಿದ್ದರೆ ಕೈ ಗಾಳಿಯಲ್ಲಿ ಎತ್ತಿಕೊಂಡು ಹಾಗೇ ನಿಂತಿರುತ್ತಿದ್ದ, ಕಣ್ಣಲ್ಲಿ ಭಯ ತುಂಬಿಕೊಂಡು. ಸೂಜಿಯಕ್ಕ ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, "ನಿಂತಿದೆ!" ಎನ್ನುತ್ತಿದ್ದಳು. ಒಡನೆ ಕೈ ಇಳಿಯುತ್ತಿತ್ತು, ಮುಖ ತಿಳಿಯಾಗುತ್ತಿತ್ತು. ಅವರಿಬ್ಬರ ನಡುವೆ ಉಳಿದಿದ್ದ ಸಂಸಾರ ಅಷ್ಟೇ.

ಆ ಸಂಜೆ ಮಗಳು ಬಂದು ಅಪ್ಪನ ಮೊಣಕೈಗೆ ಔಷಧಿ ಹಚ್ಚಿದಳು. ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಪಾಳಿ ಹಂಚುವ ಕೆಲಸ ಅವಳದು. ಮಾತೂ ಹಾಗೇ, ಹೊರಟರೆ ನಡುವೆ ನಿಲುಗಡೆಯಿಲ್ಲ.

"ಅಮ್ಮ, ನಂಗೆ ಮಧ್ಯಾಹ್ನ ಫೋನ್ ಬಂದ್ರೆ ಸಾಕು, ಕೈಕಾಲು ತಣ್ಣಗಾಗತ್ತೆ. ಇನ್ನೊಂದು ಸಲ ಅಪ್ಪ ಬಿದ್ರೆ ನಿನ್ನ ಮಾತು ಕೇಳೋದಿಲ್ಲ ನೋಡು. ಆ ವಯಸ್ಸಾದೋರ ಆಸರೆ ಮನೇಲಿ ಜಾಗ ಕೇಳಿಟ್ಟಿದೀನಿ."

"ಅಲ್ಲಿ ಸಾಲಾಗಿ ಮಂಚ ಹಾಕಿರ್ತಾರೆ ಕಣೇ."

"ಸಾಲಾಗಿ ನರ್ಸುಗಳೂ ಇರ್ತಾರೆ."

"ನಿಮ್ಮಪ್ಪ ಕೂಗಿದ್ರೆ ಯಾರು ಉತ್ತರ ಕೊಡ್ತಾರೆ?"

ಮಗಳು ಹತ್ತಿಯ ಉಂಡೆಯನ್ನು ಬುಟ್ಟಿಗೆಸೆದಳು. "ಆ ಹಾಳು ಫ್ಯಾನು ಕಿತ್ತಾಕು ಮೊದಲು."

ಕಿತ್ತುಹಾಕುವುದು ಸುಲಭವಿರಲಿಲ್ಲ. ಬಚ್ಚಲಿಗೆ ಕಿಟಕಿಯಿಲ್ಲ. ಫ್ಯಾನು ನಿಲ್ಲಿಸಿದರೆ ಸಂಜೆಯಾದರೂ ನೆಲ ಆರುವುದಿಲ್ಲ, ಮೂಲೆಗಳಲ್ಲಿ ಕಪ್ಪು ಬೂಷ್ಟು ಏರುತ್ತದೆ. ಹಿಂದಿನ ಚಳಿಗಾಲ ಆ ತೇವಕ್ಕೇ ಮೇಸ್ತ್ರಿಗೆ ಎದೆ ಕಟ್ಟಿ ಆಸ್ಪತ್ರೆ ಸೇರಿದ್ದ. ಫ್ಯಾನು ಓಡಿದರೆ ಹತ್ತಿ ಬೀಳುತ್ತಾನೆ, ನಿಂತರೆ ಜಾರಿ ಬೀಳುತ್ತಾನೆ. ಅತ್ತ ದರಿ, ಇತ್ತ ಪುಲಿ. ರಾತ್ರಿಯೆಲ್ಲ ಯೋಚಿಸಿದ ಸೂಜಿಯಕ್ಕನಿಗೆ ಒಂದೇ ದಾರಿ ಕಂಡಿತು. ಮೇಸ್ತ್ರಿಯ ಕಿವಿಗೂ ಕೇಳಿಸದ ಫ್ಯಾನು ಬೇಕು.

ಅಂಗಡಿಯವನು ಸಾಲಾಗಿ ಡಬ್ಬಿಗಳನ್ನು ಇಟ್ಟು, "ಎಲ್ಲಾ ಸೈಲೆಂಟೇ ಅಮ್ಮಾವ್ರೇ," ಎಂದ. ಹೊರಗೆ ಲಾರಿಗಳು ಹಾರನ್ ಹೊಡೆಯುತ್ತಿದ್ದವು.

"ಈ ಬೀದೀಲಿ ಸಿಡಿಲು ಹೊಡೆದ್ರೂ ಸೈಲೆಂಟೇ. ಒಳಗಡೆ ಗೋಡೌನಲ್ಲಿ ಹಾಕಿ ತೋರ್ಸಪ್ಪ. ಮೇಲಿನ ಫ್ಯಾನೂ ಆರ್ಸು, ಬಾಗ್ಲೂ ಹಾಕು."

ಅವನು ಗೊಣಗುತ್ತಲೇ ಒಳಗೆ ಹೋದ. ಅವಳು ಒಂದೊಂದು ಫ್ಯಾನಿಗೂ ಕಿವಿಯಿಟ್ಟು ಕೇಳಿದಳು. ಒಂದು ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು, ಬೇಡವೆಂದಳು. ಇನ್ನೊಂದು ಸುಮ್ಮನಿತ್ತು. ಆದರೆ ಅವಳು ಚೀಲದಿಂದ ತೆಳು ಕಾಗದದ ಚೂರು ತೆಗೆದು ಜಾಲರಿಗೆ ಹಿಡಿದರೆ ಅಂಟಿಕೊಳ್ಳದೆ ಕೆಳಗೆ ಬಿತ್ತು.

"ಇದು ಸದ್ದೂ ಮಾಡಲ್ಲ, ಕೆಲ್ಸಾನೂ ಮಾಡಲ್ಲ."

"ನಮ್ಮ ಭಾವಮೈದನ ಥರ," ಎಂದ ಅಂಗಡಿಯವನು. "ಅಲ್ಲಾ ಅಮ್ಮಾವ್ರೇ, ನೀವು ಫ್ಯಾನ್ ತಗೊಳ್ಳೋಕೆ ಬಂದ್ರೋ, ಮಗಳಿಗೆ ಗಂಡು ನೋಡೋಕೆ ಬಂದ್ರೋ?"

"ಗಂಡು ಗೊರಕೆ ಹೊಡೆದ್ರೆ ಪಕ್ಕದ ಕೋಣೇಲಿ ಮಲಗಬಹುದು. ಮುಂದಿನದು ತೆಗಿ."

ಕೊನೆಗೆ ಅವನು ಅಟ್ಟದಿಂದ ಅಗಲ ರೆಕ್ಕೆಯದೊಂದನ್ನು ಇಳಿಸಿದ. ಚಿಕ್ಕ ಫ್ಯಾನು ಓಡಿ ಓಡಿ ಕೂಗಾಡುತ್ತದೆ, ದೊಡ್ಡದು ನಿಧಾನ ತಿರುಗಿದರೂ ಅಷ್ಟೇ ಗಾಳಿ ಎಳೆಯುತ್ತದೆ ಎಂದು ವಿವರಿಸಿದ. ಅವಳು ಕಾಗದ ಹಿಡಿದಳು, ಜಾಲರಿ ಅದನ್ನು ಎಳೆದುಕೊಂಡು ಬಿಡಲಿಲ್ಲ. ಕಿವಿಯಿಟ್ಟಳು. ತನ್ನ ಉಸಿರಷ್ಟೇ ಕೇಳಿಸಿತು. ಅವಳ ಕಣ್ಣು ತುಂಬಿದ್ದನ್ನು ನೋಡಿ ಅಂಗಡಿಯವನು ಮುಂದಿನ ತಮಾಷೆಯನ್ನು ನುಂಗಿಕೊಂಡ.

ಫ್ಯಾನು ಕೂರಿಸಲು ಬಂದ ವೈರಿಂಗಿನವನು ಪಕ್ಕದ ಬೀದಿಯವನು, ವಾಚಾಳಿ. ಮೇಸ್ತ್ರಿಯನ್ನು ಮಗಳ ಜೊತೆ ನಡೆದಾಡಲು ಕಳಿಸಿ ಸೂಜಿಯಕ್ಕ ಕೆಲಸ ಶುರುಮಾಡಿಸಿದಳು. ಗೋಡೆಯ ತೂತನ್ನು ಅಗಲ ಮಾಡಿ, ಹೊರಗಿನವರೆಗೆ ಕೊಳವೆಯನ್ನು ಕೊಂಕಿಲ್ಲದೆ ನೇರವಾಗಿ ಹಾಕಿಸಿದಳು. ಗೋಡೆ ನಡುಗದಿರಲೆಂದು ನಾಲ್ಕೂ ಮೂಲೆಗೆ ರಬ್ಬರ್ ತುಂಡು ಇಡಿಸಿದಳು. ಆದರೂ ಹೊರಗಿನ ಮುಚ್ಚಳದ ಪಟ್ಟಿಗಳು ಗಾಳಿಗೆ ಟಪಟಪ ಎನ್ನುತ್ತಿದ್ದವು.

"ಇಷ್ಟು ಸದ್ದು ಯಾರಿಗೆ ಕೇಳ್ಸತ್ತಕ್ಕ? ಗುಬ್ಬಿ ರೆಕ್ಕೆ ಬಡಿದ ಹಾಗಿದೆ."

"ಇವ್ರಿಗೆ ಗುಬ್ಬಿ ಯೋಚ್ನೆ ಮಾಡಿದ್ರೂ ಕೇಳ್ಸತ್ತೆ."

ಹಳೆಯ ಪೆಟ್ಟಿಗೆಯಿಂದ ಬೈಂಡಿಂಗಿನ ದಪ್ಪ ಬಟ್ಟೆ ತೆಗೆದಳು. ಬೆರಳಗಲದ ಪಟ್ಟಿಗಳನ್ನು ಕತ್ತರಿಸಿ, ಪುಸ್ತಕದ ಬೆನ್ನಿಗೆ ಹಚ್ಚುವಷ್ಟೇ ತೆಳುವಾಗಿ ಅಂಟು ಹಚ್ಚಿ, ಮುಚ್ಚಳದ ಒಂದೊಂದು ಪಟ್ಟಿಯ ಅಂಚಿಗೂ ಕೂರಿಸಿ ಉಗುರಿನಿಂದ ಒತ್ತಿದಳು. ಟಪಟಪ ನಿಂತಿತು.

ವೈರಿಂಗಿನವನು ಮುಂದಿನ ಜಾಲರಿಯನ್ನು ಕ್ಲಿಕ್ ಎಂದು ತೆಗೆದು ಕ್ಲಿಕ್ ಎಂದು ಹಾಕಿ ತೋರಿಸಿದ. "ಧೂಳು ಒರೆಸೋಕೆ ಸುಲಭ. ಲೈಟಿನ ಸ್ವಿಚ್ಚಿಗೇ ಕೊಟ್ಟಿದೀನಿ, ಲೈಟ್ ಹಾಕಿದ್ರೆ ಇದೂ ಓಡತ್ತೆ. ಅಬ್ಬಾ, ಓಡ್ತಿದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ ನೋಡಕ್ಕ!"

ಅವನು ಕೊಂಡಾಡಿದ್ದನ್ನು ಸೂಜಿಯಕ್ಕ ತನ್ನ ಕೈಗೆ ಸಿಕ್ಕ ಬಹುಮಾನವೆಂದುಕೊಂಡಳು.

ಕೆಲವು ದಿನ ಮನೆ ಮನೆಯಂತಿತ್ತು. ಮೇಸ್ತ್ರಿ ಗೋಡೆಯ ಕಡೆ ಕಣ್ಣೆತ್ತದೆ ಸ್ನಾನ ಮಾಡಿದ. ಮಧ್ಯಾಹ್ನಕ್ಕೆ ನೆಲ ಒಣಗಿರುತ್ತಿತ್ತು. ಕೆಮ್ಮು ಇಳಿಯಿತು. ಒಂದು ಬೆಳಿಗ್ಗೆ ಅವಳು ಅವನ ತಲೆ ಒರೆಸುತ್ತಿದ್ದಾಗ ಅವಳನ್ನೇ ನೋಡಿ, "ಬೈಂಡಿಂಗಿನೋಳಲ್ವಾ ನೀನು? ನಿಂಗೆ ಮದ್ವೆ ಆಗಿದ್ಯಾ?" ಎಂದು ಕೇಳಿದ.

"ಆಗಿದೆ ರೀ. ಗಂಡ ಭಾರಿ ತಲೆಹರಟೆ."

"ಛೆ," ಎಂದ, ನಿಜವಾಗಿ ನೊಂದುಕೊಂಡು. ಅವಳು ಟವೆಲಿನ ಹಿಂದೆ ಮುಖ ಮರೆಸಿ ನಕ್ಕಳು, ಅತ್ತಳು. ಮಗಳಿಗೆ ಫೋನು ಮಾಡಿ, "ಆ ಜಾಗ ಬೇರೆ ಯಾರಿಗಾದ್ರೂ ಕೊಡು ಅನ್ನು," ಎಂದಳು.

ಅನಾಹುತಕ್ಕೆ ತಾನು ಯಾವ ಬಾಗಿಲನ್ನೂ ತೆರೆದಿಟ್ಟಿಲ್ಲ ಎಂದೇ ಅವಳು ತಿಳಿದಿದ್ದಳು. ಕೆಟ್ಟ ಸದ್ದು ಬಂದರೆ ಮೇಸ್ತ್ರಿ ಯಂತ್ರವನ್ನು ನಿಲ್ಲಿಸಲು ಹೋಗುತ್ತಾನೆ, ಇದು ಅವಳಿಗೆ ಗೊತ್ತಿತ್ತು. ಸದ್ದೇ ಇಲ್ಲದ ಯಂತ್ರ ಅವನ ಪಾಲಿಗೆ ನಿಂತುಹೋದ ಯಂತ್ರ, ನಿಂತದ್ದನ್ನು ಬಿಚ್ಚಿ ನೋಡದೆ ಬಿಡುವವನಲ್ಲ, ಎಂಬುದು ಹೊಳೆಯಲಿಲ್ಲ. ಅವನ ಕಣ್ಣಿಗೆ ಪೊರೆ ಬಂದಿತ್ತು. ತಿರುಗುವ ರೆಕ್ಕೆ ಆ ಕಣ್ಣಿಗೆ ಒಂದು ಬೂದು ತಟ್ಟೆ. ಅದು ತಿರುಗುತ್ತಿದೆ ಎಂದು ಹೇಳಬೇಕಾದದ್ದು ಕಿವಿ. ಆ ಕಿವಿಗೆ ಕೇಳಿಸದಂತೆ ತಾನೇ ಒಂದೊಂದಾಗಿ ಎಲ್ಲವನ್ನೂ ಮುಚ್ಚಿದ್ದಳು.

ಅಂದು ಅವಳು ಹಾಲು ಕಾಯಿಸುತ್ತಿದ್ದಳು. ಉಕ್ಕಿ ಬರುತ್ತಿದ್ದ ಹಾಲಿನ ಮೇಲೆ ಕಣ್ಣಿತ್ತು. ಮೇಸ್ತ್ರಿ ಬಚ್ಚಲಲ್ಲಿದ್ದ, ಕೂತು ಮೈಮೇಲೆ ನೀರು ಹೊಯ್ದುಕೊಳ್ಳಲು ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಟ್ಟು ಬಂದಿದ್ದಳು. ಒಳಗಿನಿಂದ ಜಾಲರಿ ಕ್ಲಿಕ್ ಎಂದದ್ದು ಕೇಳಿಸಿತೋ ಇಲ್ಲವೋ. ಕೇಳಿಸಿತು ಎಂದೇ ಆಮೇಲೆ ಅನಿಸತೊಡಗಿತು.

"ನಿಂತಿದೆಯಾ?"

ಹಳೆಯ ಫ್ಯಾನಾಗಿದ್ದರೆ ಅದರ ಗರಗರ ಅಡುಗೆಮನೆಗೂ ಕೇಳುತ್ತಿತ್ತು. "ಓಡ್ತಿದೆ, ಬೇಡ!" ಎಂದು ಬಾಯಿ ತಾನಾಗಿ ಕೂಗುತ್ತಿತ್ತು. ಇಡೀ ಮನೆ ಸುಮ್ಮನಿತ್ತು. ಅವಳು ಒಲೆ ಸಣ್ಣ ಮಾಡಿದಳು. ತಲೆ ಎತ್ತಿ ನೋಡಲಿಲ್ಲ.

"ನಿಂತಿದೆ!" ಎಂದಳು.

ರೆಕ್ಕೆ ಎರಡು ಬೆರಳುಗಳ ತುದಿ ಸೀಳಿತ್ತು. ಗಾಯ ಆಳವಾದದ್ದೇನಲ್ಲ ಎಂದರು ವೈದ್ಯರು. ಬೆಚ್ಚಿ ಹಿಂದಕ್ಕೆ ಸರಿದವನು ಒದ್ದೆ ಸ್ಟೂಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಅವಳು ಓಡಿಹೋದಾಗ ಅವನು ನರಳುತ್ತಿರಲಿಲ್ಲ. ಕೈ ಎದೆಗೊತ್ತಿಕೊಂಡು ಬಾಗಿಲ ಕಡೆ ನೋಡುತ್ತಿದ್ದ. ಬೈಗುಳ ಬರಬಹುದೆಂದು ಅವಳು ಕಾದಳು. ಬಂದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವನು ಅವಳ ಮುಖವನ್ನು ಓದಲು ಬಾರದ ಹಾಳೆಯಂತೆ ದಿಟ್ಟಿಸಿ, ಕಣ್ಣು ಬೇರೆಡೆ ತಿರುಗಿಸಿದ. ಆಸ್ಪತ್ರೆಯಲ್ಲಿ ಅನ್ನದ ತಟ್ಟೆಗೆ ಕೈ ಹಾಕುವಾಗಲೂ, ಅಂಗಿ ಬದಲಿಸುವಾಗಲೂ, ಅವನು ಯಾರನ್ನೂ ಏನೂ ಕೇಳಲಿಲ್ಲ.

ಆಸ್ಪತ್ರೆಯಿಂದ ಅವನನ್ನು ನೇರ ಆಸರೆ ಮನೆಗೇ ಕರೆತಂದರು. ಸೂಜಿಯಕ್ಕ ಎದುರಾಡಲಿಲ್ಲ. ಎದುರಾಡಬೇಕಾದ ಬಾಯಿ "ನಿಂತಿದೆ" ಎಂದ ಅದೇ ಬಾಯಿ ಎಂದು ನೆನೆದು ತುಟಿ ಕಚ್ಚಿಕೊಂಡಳು. ಕಿಟಕಿಯ ಪಕ್ಕದ ಮಂಚ ಸಿಕ್ಕಿತು. ಸಾಲಿನ ಆ ತುದಿಯಲ್ಲಿ ಯಾರೋ ಒಂದೇ ಸಮನೆ ಚಪ್ಪಾಳೆ ತಟ್ಟುತ್ತಿದ್ದರು. ಮೇಸ್ತ್ರಿ ಬ್ಯಾಂಡೇಜಿನ ಕೈಯನ್ನು ಹೊದಿಕೆಯೊಳಗೆ ಅಡಗಿಸಿಕೊಂಡು ಮಲಗಿದ್ದ.

ಮಗಳು ಅಪ್ಪನ ಅಂಗಿಗಳನ್ನು ಗೂಡಿನಲ್ಲಿ ಜೋಡಿಸಿ ಅಮ್ಮನನ್ನು ಮೊಗಸಾಲೆಗೆ ಕರೆತಂದಳು. ಬೆಂಚಿನ ಮೇಲೆ ಕೂರಿಸಿ, ಕೈ ಹಿಡಿದುಕೊಂಡಳು. ಅವಳ ದನಿ ಎಂದಿನಂತಿರಲಿಲ್ಲ, ಬಹಳ ಮೆತ್ತಗಿತ್ತು.

"ಅಮ್ಮ, ನೀನು ಹಿಂಗೆ ಮಾತೇ ಬಿಟ್ಟು ಕೂತ್ರೆ ನಾನೇನ್ಮಾಡ್ಲಿ? ಊಟ ಮಾಡಿಲ್ಲ, ನಿದ್ದೆ ಮಾಡಿಲ್ಲ. ಏನಾಯ್ತು ಅಂತ ಡಾಕ್ಟ್ರು ಕೇಳಿದ್ರೂ ತಲೆ ಅಲ್ಲಾಡಿಸ್ತೀಯ."

ಸೂಜಿಯಕ್ಕ ಮಗಳ ಬೆರಳುಗಳನ್ನು ನೋಡುತ್ತಿದ್ದಳು. ಹೇಳಿಬಿಡಬೇಕೆಂದು ಬಾಯಿ ತೆರೆದಳು, ಮಗಳ ಮಾತು ನಿಲ್ಲಲಿಲ್ಲ.

"ಅಪ್ಪ ಒಬ್ರೇ ಒಳಗಿದ್ರು. ನೀನು ಒಲೆ ಮುಂದೆ ಇದ್ದೆ. ಹೇಗೆ ಗೊತ್ತಾಗ್ಬೇಕು ನಿಂಗೆ? ನಾನು ಅವತ್ತು ರೇಗಾಡ್ದೆ, ತಪ್ಪು ನಂದು. ನಿಂದು ಏನೂ ತಪ್ಪಿಲ್ಲಮ್ಮ. ಹೇಳು ನೋಡೋಣ, ನೀನೇನು ಮಾಡ್ದೆ? ಅಪ್ಪನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡೆ, ಪ್ರೆಸ್ಸಲ್ಲಿದ್ದಾಗ್ಲಿಂದ್ಲೂ ಅವರನ್ನ ಕಾಪಾಡ್ಕೊಂಡು ಬಂದವಳೇ ನೀನು, ಅಂಥದ್ರಲ್ಲಿ—"

ಸೂಜಿಯಕ್ಕ ಕೈ ಬಿಡಿಸಿಕೊಂಡು ಎದ್ದಳು.

"ಅಮ್ಮ? ಎಲ್ಲಿಗೆ? ನಾನಿನ್ನೂ ಮಾತಾಡ್ತಾ ಇದೀನಿ..."

ಮೊಗಸಾಲೆಯ ಆಚೆ ತುದಿಯಲ್ಲಿ ಹೊರಗೆ ಇಳಿಯುವ ಮೆಟ್ಟಿಲಿತ್ತು. ಸೂಜಿಯಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಆ ಕಡೆ ನಡೆದಳು.