ಗಾಜಿನ ಅಂಚಿಗೆ ಬಳಿದ ಡಾಂಬರು

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಚಿತ್ತವಾಡ್ಗಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದೆ. ನಾನು ಸುತ್ತಿದ ಮೋಟಾರು ಸುಟ್ಟು ವಾಪಸು ಬಂದದ್ದು ಅಪರೂಪ. ಆ ಹೆಸರಿನಿಂದಲೇ, ತೊಂಬತ್ತನೇ ಇಸವಿಯ ಆಚೀಚೆ, ಕಮಲಾಪುರದ ಕಾಲುವೆ ಪಕ್ಕದ ಬಾಳೆತೋಟದಲ್ಲಿ ಒಂದು ಕಂಪನಿ ಪರೀಕ್ಷೆಗೆಂದು ನಿಲ್ಲಿಸಿದ ಆರು ಸೋಲಾರ್ ಪ್ಯಾನಲ್‌ಗಳನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು.

ಅವು ಹೊಸ ನಮೂನೆಯವು. ಗಾಜಿನ ಹಿಂದೆ ಈರುಳ್ಳಿ ಪೊರೆಗಿಂತ ತೆಳ್ಳಗೆ ಒಂದು ಲೇಪ. ಕರೆಂಟು ಹುಟ್ಟುವುದು ಅದರಲ್ಲೇ. ಅದು ಎಷ್ಟು ವರ್ಷ ಬಾಳುತ್ತದೆ ಎಂದು ನೋಡುವುದೇ ಪರೀಕ್ಷೆ. ಒಂದೇ ಮಳೆಗಾಲಕ್ಕೆ ಅಂಚಿನಿಂದ ಕಂದು ಕಲೆ ಒಳಗೆ ಹಬ್ಬತೊಡಗಿತು. ಸುತ್ತ ಕಾಲುವೆ, ಬಾಳೆ, ಭತ್ತದ ಗದ್ದೆ, ತೇವಕ್ಕೇನು ಬರ? ಕಂಪನಿಗೆ ಎರಡು ಸಲ ಕಾಗದ ಹಾಕಿದೆ. ಉತ್ತರವಿಲ್ಲ.

ಹಂಪಿಯ ಹೊಳೆದಂಡೆಗೆ ಹೋಗಿ, ತೇವ ತಡೆಯುವುದು ಹೇಗೆಂದು ಹರಿಗೋಲು ಕಟ್ಟುವ ಗೆಳೆಯನನ್ನು ಕೇಳಿದೆ.

"ನೀರು ನಡುವಿಂದ ಬರಂಗಿಲ್ಲಲೇ, ಅಂಚಿಲೆ ಬರ್ತೈತಿ. ಬಟ್ಟಿ ಸುತ್ತು, ಮ್ಯಾಲೆ ಡಾಂಬರು ಬಳಿ" ಎಂದ.

ಎರಡಕ್ಕೆ ಮಾತ್ರ ಹಾಗೆ ಮಾಡಿದೆ. ಹೋಲಿಸಿ ನೋಡಲು ನಾಲ್ಕನ್ನು ಹಾಗೇ ಬಿಟ್ಟೆ. ಇನ್ನೆರಡು ಮಳೆಗಾಲ ಕಳೆದವು. ನಾಲ್ಕೂ ಸತ್ತವು. ನನ್ನ ಎರಡು ದುಡಿಯುತ್ತಲೇ ಇದ್ದವು.

ಆಗ ಬೆಂಗಳೂರಿನಿಂದ ಕಂಪನಿಯ ಎಂಜಿನಿಯರ್ ಬಂದ.

"ಏನಪ್ಪಾ ಇದು? ಇದೇನು ಹರಿಗೋಲಾ?" ಡಾಂಬರು ನೋಡಿ ನಕ್ಕ.

"ಮೀಟರ್ ಹಚ್ಚಿ ನೋಡ್ರಿ ಸಾಹೇಬ್ರ, ಆಮ್ಯಾಲೆ ನಗ್ರಿ."

ಹಚ್ಚಿದ. ಮುಳ್ಳು ಎದ್ದು ನಿಂತಿತು. ಅವನ ನಗು ಇಳಿಯಿತು. ಅಂಚು ಮುಚ್ಚಿದರೆ ಬಾಳುತ್ತದೆ ಎಂದು ಈಗ ಬರೆದುಕೊಳ್ಳುತ್ತಾನೆ ಅಂದುಕೊಂಡೆ.

"ಎಷ್ಟು ಓದಿದೀಯ?"

"ನಾಕನೇ ಕ್ಲಾಸ್ ರೀ."

"ಅದಕ್ಕೇ ಮತ್ತೆ. ನೀನು ಕೈಹಾಕಿದ್ದು ಪರೀಕ್ಷೆಗೆ ಬರಲ್ಲ. ಡಾಂಬರು ಕೆರೆದು ಆರನ್ನೂ ಪ್ಯಾಕ್ ಮಾಡು."

"ನಡಿಯಾಕ ಹತ್ತಿದ್ದನ್ನ ಕೆಟ್ಟೈತಿ ಅಂತ ಬರೀತೀರೇನ್ರಿ?"

ಅವನು ಆರೂ ಕೆಟ್ಟಿವೆ ಎಂದೇ ಬರೆದ. ನಾನು ಕೆರೆಯುವುದಿಲ್ಲ ಎಂದು ಕೈಕಟ್ಟಿ ನಿಂತೆ. ಅವನ ಡ್ರೈವರ್ ಸ್ಕ್ರೂಡ್ರೈವರ್ ತಂದು ಅಂಚು ಮೀಟತೊಡಗಿದ. ಗಾಜು ಕರ್ ಎಂದಿತು. ನನ್ನಿಂದ ತಡೆಯಲಾಗಲಿಲ್ಲ.

"ಅತ್ತಾಗ ಸರಿಯಪ್ಪ, ಒಡದೀಯ!"

ಸ್ಕ್ರೂಡ್ರೈವರ್ ಕಸಿದುಕೊಂಡೆ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಇಡೀ ಮಧ್ಯಾಹ್ನ ಬಿಸಿಲಲ್ಲಿ ಕೂತು, ನನ್ನ ಕೆಲಸವನ್ನು ನಾನೇ ಇಂಚಿಂಚಾಗಿ ಅಳಿಸಿದೆ. ಒಂದು ಗೀರೂ ಬೀಳಲಿಲ್ಲ.

ಎಂಜಿನಿಯರ್ ಅಂಚಿಗೆ ಬೆರಳಾಡಿಸಿ ನೋಡಿ, "ಇದನ್ನಾದರೂ ಸರಿಯಾಗಿ ಮಾಡಿದೀಯ" ಎಂದ.